ಖಾಲಿ ಹೊಟ್ಟೆಯ ರಕ್ತ

ನವೆಂಬರ್ ೧೪, ಶುಕ್ರವಾರ

ಪೆರಾಬೆಯ ಜತ್ತಪ್ಪ ಗೌಡರು ಮನಸ್ಸಿನಿಂದ ಹೋಗುತ್ತಿಲ್ಲ. ಅವರ ಶ್ವಾಸಕೋಶ ಕಲೆಗಟ್ಟಿ ಬಿಗಿಯುತ್ತಿದೆ. ಆ ಕಾಯಿಲೆ ಎಷ್ಟು ಬೇಗ ಏರುತ್ತದೆಂದು ರಕ್ತದಲ್ಲೇ ತಿಳಿಸುವ ಗುರುತೊಂದನ್ನು ಹುಡುಕುವ ಅಧ್ಯಯನ ನಮ್ಮದು. ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ರಕ್ತ ತರುವುದು ನನ್ನ ಕೆಲಸ. ನಾನಿರುವ ಅರಂತೋಡಿನಿಂದ ಬಸ್ಸು ಬದಲಿಸಿ ಬದಲಿಸಿ ತಲುಪುವಾಗ ಬೆಳಿಗ್ಗೆ ಹನ್ನೊಂದು ಗಂಟೆ.

ಇವತ್ತು ಸೂಜಿ ತೆಗೆಯುವ ಮೊದಲೇ ಅವರು ತೋಳು ಚಾಚಿದರು. “ನಿನ್ನೆ ರಾತ್ರಿಯಿಂದ ನೀರು ಸಹ ಮುಟ್ಟಲಿಲ್ಲ ಸಿಸ್ಟರೇ. ಈ ಸಲ ರಿಪೋರ್ಟು ಒಳ್ಳೆದು ಬರ್ಬೇಕು,” ಎಂದರು ಏದುಸಿರಿನಲ್ಲೇ.

ಈ ಪರೀಕ್ಷೆಗೆ ಉಪವಾಸವೇ ಬೇಡ. ಐದು ತಿಂಗಳಿಂದ ನಾನದನ್ನು ಹೇಳಿಯೇ ಇಲ್ಲ! ಸಕ್ಕರೆ ಪರೀಕ್ಷೆಯ ಹಾಗೆ ಎಂದುಕೊಂಡಿದ್ದಾರೆ.

ಅಂಗಳಕ್ಕೆ ಬಂದು ಅವರ ಹೆಂಡತಿ ವೇದಾವತಿಯವರಿಗೆ ಹೇಳಿದೆ. “ಅವರಿಗೆ ಹೇಳುದು ಬೇಡ,” ಎಂದರು. “ಇದು ಗುಣ ಆಗುದಿಲ್ಲ ಅಂತ ಅವರಿಗೆ ಗೊತ್ತುಂಟು. ಅವರ ಕೈಯಲ್ಲಿ ಆಗುದು ಈಗ ಈ ಉಪವಾಸ ಒಂದೇ.”

ಸರಿಯೋ ತಪ್ಪೋ, ಒಳಗೆ ಹೋಗಿ ಗೌಡರಿಗೆ, ಉಪವಾಸವಿದ್ದರೂ ನೀರು ಕುಡಿಯಬಹುದು ಎಂದಷ್ಟೇ ಹೇಳಿದೆ. ಮುಂದಿನ ತಿಂಗಳ ಭೇಟಿಯ ಚೀಟಿಯಲ್ಲಿ ಹನ್ನೊಂದು ಗಂಟೆ ಎಂಬುದನ್ನು ಹೊಡೆದುಹಾಕಿ ಬೆಳಿಗ್ಗೆ ಎಂಟು ಎಂದು ಬರೆದುಕೊಟ್ಟೆ. ಇನ್ನು ಮುಂದೆ ಅರಂತೋಡಿನಿಂದ ಬೆಳಗಿನ ಜಾವ ಐದು ಗಂಟೆಯ ಬಸ್ಸು ಹಿಡಿಯಬೇಕು. ನಾನೂ ಖಾಲಿ ಹೊಟ್ಟೆಯಲ್ಲೇ.