‘ಕಥೆ ಮುಗಿಸ್ತೀನಿ’ ಅಂದ ದನಿ

ಭಾನುವಾರ, ಮಧ್ಯಾಹ್ನ

ಚಿನ್ನದಂಥ, ಆದರೆ ಫೋನ್ ಎತ್ತದ ನನ್ನ ಮೊಮ್ಮಗಳಿಗೆ,

ಅಜ್ಜಿಯ ಆಶೀರ್ವಾದ. ನನ್ನ ಮಂಡಿನೋವು ಇದ್ದಲ್ಲೇ ಇದೆ, ನಿನ್ನಮ್ಮನ ಬಾಯಿಯೂ ಇದ್ದ ಹಾಗೇ ಇದೆ. ತಲೆಯೊಂದು ಮಾತ್ರ ಕೆಟ್ಟು ಕೆರ ಹಿಡಿದಿದೆ. ಅದಕ್ಕೆ ಕಾರಣ ನೀನು.

ನಿನ್ನ ಸಿನಿಮಾ ನೋಡಿದೆ. ಸಿನಿಮಾ ಅಲ್ಲ, ಸಾಕ್ಷ್ಯಚಿತ್ರ ಅನ್ನಬೇಕು ಅಂತ ನಿನ್ನಮ್ಮ ತಿದ್ದಿದಳು. ಆಯಿತು, ಸಾಕ್ಷಿ ನಾನು, ಚಿತ್ರ ನಿನ್ನದು. ಆ ನಟನ ಹೆಂಡತಿ ಮೆಟ್ಟಿಲಿನಿಂದ ಉರುಳಿ ಸತ್ತದ್ದು, ಅವನೇ ತಳ್ಳಿದ ಅಂತ ಕೋರ್ಟು ಅವನನ್ನು ಜೈಲಿಗೆ ಹಾಕಿದ್ದು, ಎಲ್ಲ ತೋರಿಸಿದ್ದೀಯ. ಆ ಮನೆಯಲ್ಲಿ ಅವಳ ಬಟ್ಟೆ ಹೊಲಿಯುತ್ತಿದ್ದ ನನ್ನನ್ನೂ ಕುರ್ಚಿಯಲ್ಲಿ ಕೂರಿಸಿ ತೋರಿಸಿದ್ದೀಯ. ಕನ್ನಡಕ ಸೊಟ್ಟಗಿದೆ ಅಂತ ಒಬ್ಬರಾದರೂ ಹೇಳಬಾರದಿತ್ತೇ?

ಮೊದಲ ಭಾಗದಲ್ಲಿ ನಾನು ಹೇಳುತ್ತೇನೆ: ಅವಳು ಸತ್ತ ದಿನ ಹೊಲಿಗೆ ಕೋಣೆಯಲ್ಲಿದ್ದೆ, ಗೋಡೆಯ ಆಚೆ ಅವನು “ಇವತ್ತು ನಿನ್ನ ಕಥೆ ಮುಗಿಸ್ತೀನಿ” ಅಂದದ್ದು ಕೇಳಿಸಿತು ಅಂತ. ಹಿಂದೆ ಢಂ ಢಂ ಅಂತ ಡೋಲು ಬಡಿಸಿದ್ದೀಯ. ನನಗೇ ಮೈ ಜುಮ್ಮೆಂದಿತು. ಅಯ್ಯೋ ಪಾಪಿ, ಕೊಂದೇಬಿಟ್ಟೆಯಲ್ಲೋ ಅಂತ ಕಿರುಚಿದೆ. ನಿನ್ನಮ್ಮ ಬೆಚ್ಚಿ ಚಹಾ ಚೆಲ್ಲಿಕೊಂಡಳು.

ಎರಡನೇ ಭಾಗದಲ್ಲೂ ಅದೇ ಮಾತು, ಅದೇ ಸೊಟ್ಟ ಕನ್ನಡಕ. ಆದರೆ ಅದಕ್ಕೆ ಮೊದಲು, ಅವಳಿಗೆಂದೇ ಅವನು ಬರೆಯುತ್ತಿದ್ದ ಸಿನಿಮಾ ಕಥೆಯ ಹಾಳೆಗಳು. “ನನ್ನ ಕಥೆ ಯಾವಾಗಪ್ಪಾ ಮುಗಿಸ್ತೀಯ, ನಾನು ಮುದುಕಿ ಆದ್ಮೇಲಾ?” ಅಂತ ಅವಳು ಅವನನ್ನು ಚುಚ್ಚುತ್ತಿದ್ದದ್ದು. ಅದನ್ನೂ ನನ್ನ ಬಾಯಲ್ಲೇ ಹೇಳಿಸಿದ್ದೀಯ, ಹಿಂದೆ ಮೆಲ್ಲಗೆ ಪಿಟೀಲು. ಪಾಪದವನನ್ನು ಒಳಗೆ ಹಾಕಿಬಿಟ್ಟರಲ್ಲ ಅಂತ ಗಳಗಳ ಅತ್ತುಬಿಟ್ಟೆ.

ಎದುರು ಮನೆಯ ನರ್ಸಮ್ಮ ಬಂದು, “ಅಜ್ಜಿ, ಹಲ್ಲು ಕಡಿದು ಹೇಳಿದ್ನಾ, ನಗ್ತಾ ಹೇಳಿದ್ನಾ, ಅಷ್ಟು ಹೇಳಿಬಿಡಿ” ಅಂದಳು. ಗೋಡೆಯೊಳಗಿಂದ ಹಲ್ಲು ಕಾಣಿಸುತ್ತದೇನೇ ಅಂತ ಗದರಿ ಕಳಿಸಿದೆ. ಆಮೇಲೆ ಕಣ್ಣು ಮುಚ್ಚಿ ಕೂತೆ. ಅವನ ಮಾತು ಬಂತು, ಬೆನ್ನಿಗೇ ನಿನ್ನ ಡೋಲು. ಇನ್ನೊಮ್ಮೆ ಕೂತೆ, ಪಿಟೀಲು. ಅವನ ದನಿ ಮಾತ್ರ ಇಲ್ಲ. ಆ ಮನೆಯಲ್ಲಿ ಡೋಲು ಎಲ್ಲಿತ್ತೇ?

ಮುದುಕಿಯ ಹರಟೆ ಅಂತ ಮಡಚಿಡಬೇಡ. ನಿನ್ನ ಚಿತ್ರ ಬಂದ ಮೇಲೆ ದೊಡ್ಡ ಕೋರ್ಟಿನಲ್ಲಿ ಮತ್ತೆ ವಿಚಾರಣೆಯಂತೆ. ಅವನ ಕಡೆಯ ವಕೀಲೆ ಬಂದಿದ್ದಳು. ಅವಳು ಸತ್ತಾಗ ಪೊಲೀಸರು ನನ್ನನ್ನು ಕೇಳಿದ್ದು ಹಿಂಬಾಗಿಲು ತೆರೆದಿತ್ತಾ ಅಂತ ಮಾತ್ರ. ಈಗ ಕಟಕಟೆಗೆ ಬರಬೇಕಂತೆ. “ಅವರ ದನಿ ಹೇಗಿತ್ತು ಅನ್ನೋದ್ರ ಮೇಲೇ ಕೇಸು ನಿಂತಿದೆ ಅಜ್ಜಿ” ಅಂದಳು. ನಗುತ್ತಿದ್ದ ಅಂದರೆ ಒಬ್ಬ ಕೊಲೆಗಾರ ಮನೆಗೆ ಬಂದುಬಿಡಬಹುದು. ಸಿಟ್ಟಲ್ಲಿದ್ದ ಅಂದರೆ ತಪ್ಪೇ ಮಾಡದವನು ಒಳಗೇ ಕೊಳೆಯಬಹುದು. ನಾನೇನು ಹೇಳಲಿ?

ಆ ಮಾತನ್ನು ನಾನು ಮೊದಲು ಬಾಯಿಬಿಟ್ಟದ್ದು ನಿನ್ನ ಕ್ಯಾಮರಾದ ಮುಂದೆ. ಆಗ ತಲೆಯಲ್ಲಿ ಡೋಲೂ ಇರಲಿಲ್ಲ, ಪಿಟೀಲೂ ಇರಲಿಲ್ಲ. ನೀನು ಕತ್ತರಿ ಹಾಕುವ ಮೊದಲು ಹೇಗಿತ್ತೋ ಹಾಗೇ ಕಳಿಸು. ಹೇಳುವಾಗ ನನ್ನ ಮುಖ ಹೇಗಿತ್ತು ನೋಡಬೇಕು. ನಾನು ಮರೆತದ್ದು ಮುಖಕ್ಕೆ ಗೊತ್ತಿದ್ದೀತು. ನಾನೂ ಕತ್ತರಿ ಹಿಡಿದೇ ಬದುಕಿದವಳು ಕಣೇ, ಆದರೆ ಒಂದೇ ತುಂಡಿನಲ್ಲಿ ಮದುವೆಯ ಅಂಗಿಯನ್ನೂ ಹೆಣದ ಬಟ್ಟೆಯನ್ನೂ ಹೊಲಿದು ತೋರಿಸಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು.

ಸಿಟ್ಟಿದ್ದರೂ ನಿನ್ನವಳೇ ಆದ
ಅಜ್ಜಿ

ಮರೆತಿದ್ದು: ಲಕೋಟೆ ಅಂಟಿಸುವಾಗ ಹೊಳೆಯಿತು. ಆ ಮಾತನ್ನು ನಾನು ಎರಡು ಸಲ ಹೇಳಿದೆ ಅಲ್ಲವೇ? ಮೊದಲ ಸಲ ಹೊರಗೆ ಲಾರಿ ಹಾರ್ನ್ ಹೊಡೆಯಿತು. “ಇನ್ನೊಂದ್ಸಲ ಹೇಳಜ್ಜಿ, ಅವರು ಹೇಳಿದ ಹಾಗೇ ಮಾಡಿ ತೋರಿಸು” ಅಂದೆ ನೀನು. ನಾನು ಹಲ್ಲು ಕಡಿದು ಹೇಳಿದೆ, ನೀವೆಲ್ಲ ಸೂಪರ್ ಅಂತ ಚಪ್ಪಾಳೆ ತಟ್ಟಿದಿರಿ. ನನಗೆ ಬೇಕಾದದ್ದು ಲಾರಿ ಸದ್ದಿರುವ ಮೊದಲನೆಯದು. ಅಳಿಸಿಹಾಕಿದ್ದರೆ ಅಳಿಸಿದ್ದೇನೆ ಅಂತ ಬರೆ. ಅಜ್ಜಿಗೆ ಸಮಾಧಾನವಾಗಲಿ ಅಂತ ಇನ್ನೊಂದಕ್ಕೆ ಲಾರಿಯ ಸದ್ದು ಸೇರಿಸಿ ಕಳಿಸಬೇಡ. ನಾನು ನಂಬಿಬಿಡುತ್ತೇನೆ.