ಮೋಟರ್ ಹಾಕುವ ಮುಂಚೆ

ಕಲ್ಮೇಶ್ ಸರ್ ಅವರಿಗೆ ನಮಸ್ಕಾರ.

ದಾವಣಗೆರೆಯಿಂದ ಬಂದವರೇ ಮೊದಲು ಮೋಟರ್ ಹಾಕುತ್ತೀರೆಂದು ಈ ಪತ್ರವನ್ನು ಸ್ವಿಚ್ಚಿನ ಮೇಲೆ ಅಂಟಿಸಿದ್ದೇನೆ. ದಯವಿಟ್ಟು ಹಾಕಬೇಡಿ. ಸಂಪಿನಲ್ಲಿ ಮೀನುಗಳಿವೆ.

ಮನೆಗೆ ಮೀನು ತರಬಾರದೆಂಬ ನಿಮ್ಮ ಷರತ್ತು ನೆನಪಿದೆ. ಆದರೆ ನಾನು ಕೆಲಸ ಮಾಡುವ ಮೀನುಮರಿ ಕೇಂದ್ರಕ್ಕೆ ತಾಯಿಮೀನು ಬೇಕಿತ್ತು. ಮಳೆಯ ಹೊಸ ನೀರಿಗೆ ಎದುರು ಈಜಿ ಬರುವ ಮೀನು ಹಿಡಿಯಲು ಉಲ್ಲಾಳದ ಕಾಲುವೆಗೆ ಅಡ್ಡಲಾಗಿ ಬಿದಿರಿನ ತಡಿಕೆ ಕಟ್ಟಿದ್ದೆವು. ಹೊಟ್ಟೆ ತುಂಬ ಮೊಟ್ಟೆಯಿದ್ದ ಗೆಂಡೆಮೀನೊಂದು, ಜೊತೆಗೆ ಗಂಡೊಂದು ಸಿಕ್ಕವು. ಅಷ್ಟರಲ್ಲಿ ರಸ್ತೆ ಮುಳುಗಿ ಕೇಂದ್ರದ ಗಾಡಿ ಕೆಂಗೇರಿಯಲ್ಲೇ ನಿಂತಿತು. ಸತ್ತುಹೋದಾವೆಂದು ಹೆದರಿ ಅವನ್ನು ನಿಮ್ಮ ಸಂಪಿಗೆ ಬಿಟ್ಟೆ. ಚಾವಣಿಯ ಮಳೆನೀರು ಧೋ ಎಂದು ಒಳಗೆ ಸುರಿದದ್ದೇ ತಡ, ಗೆಂಡೆ ಅದನ್ನು ಹೊಳೆಯೆಂದೇ ತಿಳಿದು ಮೊಟ್ಟೆ ಹಾಕಿಬಿಟ್ಟಿತು.

ಬೆಳಿಗ್ಗೆ ಅವನ್ನು ಕೇಂದ್ರಕ್ಕೆ ಒಯ್ಯಲು ಬಕೆಟ್ ಹಿಡಿದು ಇಳಿದುಬಂದರೆ, ನಿಮ್ಮ ತಾಯಿ ಶಿವಗಂಗಮ್ಮನವರು ಸಂಪಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಬಾಣಂತಿನ ಈಗ ಎಬ್ಬಿಸ್ತಾರೇನವ್ವಾ? ಮರಿ ಈಜೋ ತನಕ ಇಲ್ಲೇ ಇರ್ಲಿ" ಎಂದರು.

ನಿಮ್ಮ ಸ್ನಾನಕ್ಕೆ ಮಾರೇನಹಳ್ಳಿಯಿಂದ ಕ್ಯಾನ್ ನೀರು ತರಿಸಿಟ್ಟಿದ್ದೇನೆ.

ಮನೆ ಖಾಲಿ ಮಾಡು ಎಂದರೆ ಮಾಡುತ್ತೇನೆ, ಸರ್. ಸಂಪು ಖಾಲಿ ಮಾಡುವ ಮಾತನ್ನು ಮಾತ್ರ ನೀವೇ ಅಮ್ಮನ ಹತ್ತಿರ ಆಡಬೇಕು.

ಇಂತಿ,
ಸ್ಪಂದನ
ಮಹಡಿ ಮನೆ