ಅವ್ವನ ಕಥೆಗೆ ಅವ್ವನ ಹೆಸರು

ರಾಣೆಬೆನ್ನೂರು
೧೪ ಡಿಸೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಪಾದಕ್ಕೆ ನಮಸ್ಕಾರ. ನಿನಗಿಂತ ಮೊದಲು ಈ ಪತ್ರ ಓದುವ ಜೈಲಿನ ಮೇಡಂಗೂ ನಮಸ್ಕಾರ. ಬಹಳ ತಡವಾಯಿತು, ಸಾರಿ. ಪ್ರಾಕ್ಟಿಕಲ್ಸ್ ಇದ್ದವು ಎಂದು ಬರೆಯೋಣ ಅಂದುಕೊಂಡೆ, ಆದರೆ ಅವು ಮುಗಿದೇ ಎಷ್ಟೋ ದಿನವಾಯಿತು. ನೀನು ಕೇಳಿ ಕಳಿಸಿದ ಮಾತಿಗೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ಕುಳಿತಿದ್ದೆ, ಅಷ್ಟೇ.

ನಾನು ಆರಾಮವಾಗಿದ್ದೇನೆ. ಹಾಸ್ಟೆಲಿನ ಉಪ್ಪಿಟ್ಟನ್ನು ಗೋಡೆಗೆ ಒಗೆದರೆ ಅಂಟಿಕೊಂಡೇ ಇರುತ್ತದೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವನಿಗೆ ಅದೇನು ಹೊಸದಲ್ಲ. ಹೊಸದೆಂದರೆ ಬಿ.ಎಸ್ಸಿ.ಯ ಟೆನ್ಶನ್. ಕೆಮಿಸ್ಟ್ರಿ ಸರ್ ನನ್ನ ಕಡೆ ನೋಡಿದರೆ ಸಾಕು, ಗೊತ್ತಿದ್ದ ಉತ್ತರವೂ ಮರೆತುಹೋಗುತ್ತದೆ.

ನಿಮ್ಮ ಜೈಲಿನಲ್ಲಿ ಕಥೆ ಬರೆಯುವುದನ್ನು ಕಲಿಸುವ ನಾಗರತ್ನಾ ಟೀಚರ್ ನನ್ನನ್ನು ಹಾವೇರಿ ಬಸ್ ಸ್ಟ್ಯಾಂಡಿಗೆ ಕರೆಸಿ ನಿನ್ನ ಕಥೆಯ ಝೆರಾಕ್ಸ್ ಕವರಿನಲ್ಲಿ ಹಾಕಿ ಕೊಟ್ಟರು. “ಒಳಗಿರೋ ಹೆಣ್ಮಕ್ಕಳು ಬರದ ಕಥಿ ಎಲ್ಲಾ ಸೇರಿ ಪುಸ್ತಕಾ ಆಗಾಕತ್ತೈತಿ ತಮ್ಮಾ. ಮಗಾ ಹೂಂ ಅಂದ್ರಷ್ಟ ನನ್ನ ಹೆಸರು ಹಾಕ್ರಿ ಅಂತ ನಿಮ್ಮವ್ವ ಹೇಳ್ಯಾರ. ನೀ ಏನಂತಿ?” ಎಂದರು.

“ಹೇಳ್ತೇನ್ರಿ ಟೀಚರ್” ಎಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕವರು ತೆರೆಯಲಿಲ್ಲ. ನಾವ್ಯಾರೂ ಮಾತಾಡದ ಆ ದಿನವನ್ನೇ ಬರೆದಿದ್ದೀಯೇನೋ ಎಂಬ ಅಂಜಿಕೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಳ, ಕೂಲಿ ಕೇಳಿದ್ದಕ್ಕೆ ನಿನ್ನ ಸೆರಗಿಗೆ ಕೈ ಹಾಕಿದ ಕೂಲಿಯವರ ಮೇಸ್ತ್ರಿ ಮುಕಾದಮ, ನೀನು ನೂಕಿದ್ದು, ಅವನ ತಲೆ ಕಲ್ಲಿಗೆ ಬಡಿದದ್ದು, ಅವನು ಮತ್ತೆ ಏಳದೇ ಹೋದದ್ದು.

ಅದೊಂದೂ ಇರಲಿಲ್ಲ. ಇದ್ದವಳು ಒಬ್ಬ ಮುದುಕಿ. ಜೀವಮಾನವೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಿ ಸೀನುವುದನ್ನೇ ಮರೆತವಳು. ಮದುವೆಗೆ ಹೋದರೆ ಅವಳ ಸೀರೆಯ ಘಾಟಿಗೆ ಮಂದಿಯೆಲ್ಲ ಸೀನತೊಡಗುತ್ತಾರೆ. ಮಂತ್ರದ ನಡುವೆ ಅಯ್ಯನವರು ಸೀನುತ್ತಾರೆ, ತಾಳಿ ಹಿಡಿದುಕೊಂಡೇ ವರ ಸೀನುತ್ತಾನೆ. ಮುದುಕಿಯೊಬ್ಬಳೇ, “ಊರಿಗೂರಿಗೇ ನೆಗಡಿ ಆಗೇತೇನ?” ಎಂದು ಸುತ್ತ ನೋಡುತ್ತಾಳೆ. ನಿನ್ನ ಕಥೆಯನ್ನು ನಿನಗೇ ಹೇಳುತ್ತಿದ್ದೇನೆ ನೋಡು! ಬಾತ್‌ರೂಮಿನ ಚಿಲಕ ಹಾಕಿಕೊಂಡು ಓದಿದೆ ಅವ್ವಾ, ನಕ್ಕೂ ನಕ್ಕೂ ಸಾಕಾಯಿತು.

ಆದರೂ ಹೆಸರಿನ ಮಾತು ಹಾಗೆಯೇ ಉಳಿಯಿತು. ರಜೆಯಲ್ಲಿ ಮೋಟೆಬೆನ್ನೂರಿಗೆ ಹೋದಾಗ ನಿನ್ನ ಮುದ್ದಿನ ತಮ್ಮ ಕನಕರಾಜ ಮಾಮಾನನ್ನು ಕೇಳಿದೆ. “ಕಥಿ ಛಲೋ ಐತಿ. ಹೆಸರು ಯಾಕ ಬೇಕು? ಮಂದಿ ಈಗಷ್ಟ ಮರಿಯಾಕತ್ತಾರ. ನಾಳೆ ನಿನಗ ನೌಕರಿ ಬೇಕು, ಹೆಣ್ಣು ಬೇಕು” ಎಂದ. ಅವನ ಮಾತು ತಪ್ಪೆಂದು ನನಗೂ ಅನಿಸಲಿಲ್ಲ. ಬೇಡವೆಂದು ಟೀಚರಿಗೆ ಮೆಸೇಜು ಟೈಪ್ ಮಾಡಿದೆ, ಕಳಿಸಲು ಆಗಲಿಲ್ಲ.

ಕಳೆದ ಭಾನುವಾರ ರೂಮಿಗೆ ಬಂದರೆ ರೂಮ್‌ಮೇಟ್ ತೌಹೀದ ನನ್ನ ಮಂಚದ ಮೇಲೆ ಬಿದ್ದುಕೊಂಡು ನಿನ್ನ ಕಥೆ ಓದಿ ನಗುತ್ತಿದ್ದಾನೆ. ಚಾರ್ಜರ್ ಹುಡುಕುವಾಗ ಹಾಸಿಗೆಯ ಕೆಳಗೆ ಸಿಕ್ಕಿತಂತೆ.

“ಲೇ ಯುವ್ಯಾ, ಯಾರ ಬರದಾರಲೇ ಇದನ್ನ? ಈ ಮುದುಕಿ ನಮ್ಮ ಅಜ್ಜಿಗೆ ಭೇಟ್ಟಿ ಆಗಬೇಕಿತ್ತು ನೋಡು!”

“ನಮ್ಮವ್ವ” ಎಂದುಬಿಟ್ಟೆ. ಹೇಗೆ ಬಾಯಿಗೆ ಬಂತೋ.

“ಗೋವಾದಾಗ ಮನಿಗೆಲಸಾ ಮಾಡ್ತಾರ ಅಂದಿದ್ದೆಲ್ಲ, ಅವರ?”

“ಗೋವಾದಾಗ ಇಲ್ಲ. ಜೈಲಿನ್ಯಾಗ ಅದಾಳ.”

ಅವನು ಎದ್ದು ಕುಳಿತ. ಇನ್ನು ರೂಮು ಬದಲಿಸಬೇಕು, ಹಾಸ್ಟೆಲಿಗೆಲ್ಲ ಸುದ್ದಿಯಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಟ್ರಂಕು ತುಂಬತೊಡಗಿದ್ದೆ. ಅವನು ಹಾಳೆಗಳನ್ನು ಹಿಂದೆ ಮುಂದೆ ತಿರುವಿ, “ಕಡೀ ಹಾಳಿ ಎಲ್ಲೈತಿ? ಮುದುಕಿಗೆ ಊಟಾ ಸಿಕ್ತೋ ಇಲ್ಲೋ?” ಎಂದ.

ಕೊನೆಯ ಹಾಳೆ ನನ್ನ ನೋಟ್ಸಿನಲ್ಲಿ ಸೇರಿಕೊಂಡಿತ್ತು. ಹುಡುಕಿ ಕೊಟ್ಟೆ. ಎಲ್ಲರೂ ದೂರ ಸರಿದ ಮೇಲೆ ಮುದುಕಿ ಅಂಗಳದಲ್ಲಿ ಒಬ್ಬಳೇ ಉಣ್ಣಲು ಕುಳಿತಾಗ, ಮದುಮಗಳೇ ಎದ್ದು ಬಂದು ಪಕ್ಕದಲ್ಲಿ ಕುಳಿತು, ತುತ್ತಿಗೊಮ್ಮೆ ಸೀನುತ್ತ ಜೊತೆಯಲ್ಲಿ ಉಣ್ಣುತ್ತಾಳಲ್ಲ, ಅಲ್ಲಿಗೆ ತೌಹೀದ ನಗುವುದನ್ನು ನಿಲ್ಲಿಸಿದ. ಆಮೇಲೆ, “ಕೆಳಗ ಹೆಸರ ಇಲ್ಲಲ್ಲೋ. ಹಿಂಗ ಬರದವರು ಹೆಸರ ಬಿಡ್ತಾರೇನಲೇ?” ಎಂದು ನನಗೇ ಬೈದ. ಊಟದ ಗಂಟೆಯಾಗಿತ್ತು, ಇಬ್ಬರೂ ತಾಟು ತೆಗೆದುಕೊಂಡು ಹೋದೆವು.

ಹಾಕಿಸು ಅವ್ವಾ. ಬರೀ ದೇವವ್ವ ಎಂದಲ್ಲ, ಮೋಟೆಬೆನ್ನೂರನ್ನೂ ಸೇರಿಸಿ ಪೂರ್ತಿ ಹಾಕಿಸು. ಹಿಂದೆ ಪೇಪರಿನಲ್ಲಿ ನಿನ್ನ ಹೆಸರು ಬಂದಾಗ ನಿನ್ನನ್ನು ಒಂದು ಮಾತೂ ಕೇಳದೆ ಯಾರೋ ಬರೆದಿದ್ದರು. ಈ ಸಲ ಬರೆದವಳು ನೀನು. ಟೀಚರಿಗೂ ತಿಳಿಸಿದ್ದೇನೆ. ಮಾಮಾನ ಜೊತೆ ನಾನೇ ಮಾತಾಡುತ್ತೇನೆ. ಅಂಜಿಕೆ ಇದ್ದೇ ಇದೆ, ಆದರೂ ಮಾತಾಡುತ್ತೇನೆ.

ಚಳಿ ಬಿದ್ದಿದೆ, ಕಿವಿ ಮುಚ್ಚಿಕೊಂಡು ಮಲಗು. ದೇವರಗುಡ್ಡದ ಮೈಲಾರಲಿಂಗ ನಿನ್ನನ್ನು ಕಾಯಲಿ, ಬರೆಯುವ ಕೈಯನ್ನು ಬೆಚ್ಚಗಿಡಲಿ.

ನಿನ್ನ ಮಗ,
ಯುವರಾಜ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಉಣ್ಣುತ್ತ ಮದುಮಗಳು, “ಮಕ್ಕಳೆಷ್ಟ ಬೇ ಯವ್ವಾ ನಿನಗ?” ಎಂದು ಕೇಳುತ್ತಾಳೆ. ಮುದುಕಿ, “ಯಾರೂ ಇಲ್ಲವ್ವಾ, ನಾ ಒಬ್ಬಾಕೀನ” ಎನ್ನುತ್ತಾಳೆ. ಓದಿದವರು ನನ್ನ ಗುರುತು ಹಿಡಿಯಬಾರದೆಂದೇ ನೀನು ಹಾಗೆ ಬರೆದೆ, ನನಗೆ ಗೊತ್ತು. ಗೊತ್ತಿದ್ದೂ ಆ ಸಾಲಿಗೆ ಬಂದಾಗಲೆಲ್ಲ ಹಾಳೆ ಮಡಚಿಡುತ್ತೇನೆ. ಪುಸ್ತಕ ಇನ್ನೂ ಪ್ರೆಸ್ಸಿಗೆ ಹೋಗಿಲ್ಲವಂತೆ. ಆ ಮುದುಕಿಗೆ ಒಬ್ಬ ಮಗನನ್ನು ಕೊಡು ಅವ್ವಾ. ಅಂಜುಬುರುಕನಾದರೂ ನಡೆಯುತ್ತದೆ.